ಕಣ್ಣಿನ ಡಬ್ಬಿ

"ಗೋದಾಮಿನ ಕಾವಲುಗಾರರಾ? ಅವರು ಹೋಗಿ ಆರು ವರ್ಷ ಆಯ್ತಲ್ಲ," ಎಂದ ಟೀ ಅಂಗಡಿಯವನು, ಲೋಟ ತೊಳೆಯುವುದನ್ನು ನಿಲ್ಲಿಸದೆ. "ಎಲ್ಲಿಗೆ ಹೋದರು ಅಂತ ಮತ್ತೆ ಕೇಳಬೇಡಿ. ತೀರಿಕೊಂಡರು. ಮಗಳಿದ್ದಾಳೆ. ಟೇಲರ್."

ಬಸ್ಸಿಳಿದು ಬಂದ ಹೆಂಗಸು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಹಾಗಾದ್ರೆ ಟೇಲರ್ ಮನೇನೇ ತೋರಿಸಿ."

"ಯಾವ ಟೇಲರ್ ಅಂತ ಕೇಳಬೇಕು ನೀವು. ಈ ಊರಲ್ಲಿ ಇಬ್ಬರಿದ್ದಾರೆ. ಒಬ್ಬ ನಾಳೆ ಟೇಲರ್. ಯಾವತ್ತು ಹೋದ್ರೂ ನಾಳೆ ಬನ್ನಿ ಅಂತಾನೆ. ಇನ್ನೊಬ್ಬಳು ಓರೆ ಟೇಲರ್. ಮುಖ ಓರೆ ಮಾಡ್ಕೊಂಡೇ ಮಾತಾಡ್ತಾಳೆ. ಮೊದಲ ಸಲ ಹೋದವರು ಏನೋ ಸಿಟ್ಟು ಅನ್ಕೋತಾರೆ. ಸಿಟ್ಟೂ ಇಲ್ಲ ಏನೂ ಇಲ್ಲ, ಚಿನ್ನದಂಥ ಹುಡುಗಿ. ನಿಮಗೆ ಬೇಕಾದವಳು ಅವಳೇ. ನೀರಿನ ಟ್ಯಾಂಕ್ ತನಕ ಹೋಗಿ ಎಡಕ್ಕೆ ತಿರುಗಿ."

ಹೆಂಗಸು ಟೀ ಕುಡಿದು ಹೊರಟಳು. ಅವಳಿಗೆ ಅರವತ್ತೆರಡು ವರ್ಷ. ನಗರದ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೂವತ್ತೇಳು ವರ್ಷ ಕೂತು ಕಂಡವರ ಮುಖ ತಿದ್ದಿದವಳು. ಮೊಡವೆ ಅಳಿಸುವುದು, ಬೋಳು ಹಣೆಗೆ ನಾಲ್ಕು ಕೂದಲು ಬರೆಯುವುದು, ಕತ್ತಿನ ನೆರಿಗೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗೆ ಮಾಡುವುದು. ಈ ಕೆಲಸವನ್ನು ಸ್ಟುಡಿಯೋಗಳಲ್ಲಿ ಟಚಿಂಗ್ ಎನ್ನುತ್ತಾರೆ. ಹಾಗಾಗಿ ಅವಳು ಟಚಿಂಗ್ ಅಕ್ಕ. ಮಾಲೀಕರಿಗೂ ಅಕ್ಕ, ಮಾಲೀಕರ ಮಗನಿಗೂ ಅಕ್ಕ. ಕಂಪ್ಯೂಟರ್ ಬಂದ ಮೇಲೆ ಆ ಕೋಣೆಗೆ ಕೆಲಸ ಕಡಿಮೆಯಾಗಿ, ಹೋದ ತಿಂಗಳು ಸ್ಟುಡಿಯೋವೇ ಮುಚ್ಚಿತು. "ನಿನಗೆ ಏನು ಬೇಕೋ ತಗೊಂಡು ಹೋಗಕ್ಕ," ಎಂದಿದ್ದ ಮಾಲೀಕರ ಮಗ. ಅವಳು ಕುಂಚಗಳನ್ನೂ ಭೂತಗನ್ನಡಿಯನ್ನೂ ತನ್ನ ಹಳೆಯ ಡಬ್ಬಿಯನ್ನೂ ತಗೊಂಡು ಬಂದಿದ್ದಳು. ಡಬ್ಬಿಯ ತಳಕ್ಕೆ ಹಾಸಿದ ಕಾಗದವನ್ನು ಮನೆಯಲ್ಲಿ ಎತ್ತಿದಾಗ ಅದರಡಿ ಒಂದು ಕವರು, ಕವರಿನಲ್ಲಿ ಒಂದು ಚಿಕ್ಕ ಫೋಟೋ ಸಿಕ್ಕಿತು. ಗಿರಾಕಿಗೆ ಹಿಂದಕ್ಕೆ ಕೊಡಬೇಕಾಗಿದ್ದದ್ದು. ಕೊಟ್ಟಿರಲಿಲ್ಲ.

ಅದನ್ನು ಅಂಚೆಗೆ ಹಾಕಿದ್ದರೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳು ಬಂದದ್ದು ಹೊಗಳಿಸಿಕೊಳ್ಳಲಿಕ್ಕೆ.

ಮೂವತ್ತನಾಲ್ಕು ವರ್ಷದ ಹಿಂದೆ ಒಬ್ಬ ಎತ್ತರದ ಮನುಷ್ಯ ಎರಡು ವರ್ಷದ ಹೆಣ್ಣುಮಗುವನ್ನು ಹೆಗಲಿಗೆ ಹಾಕಿಕೊಂಡು ಸ್ಟುಡಿಯೋಗೆ ಬಂದಿದ್ದ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ದೂರದ ಒಂದು ಊರಿನ ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿದೆ, ಅಲ್ಲಿಗೆ ಹೊರಟಿದ್ದೇನೆ ಎಂದಿದ್ದ. ಹೆಂಡತಿಯದೆಂದು ಅವನ ಹತ್ತಿರ ಇದ್ದದ್ದು ಒಂದೇ ಫೋಟೋ: ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಂಗಸರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವಳು ಅವಳು. ಮುಖ ಅಂಗಿಯ ಗುಂಡಿಯಷ್ಟಿತ್ತು. ಅದೊಂದನ್ನೇ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಬೇಕಾಗಿತ್ತು. ಅಕ್ಕನಿಗೆ ಆಗ ಇಪ್ಪತ್ತೆಂಟು. ಕೈ ಪಳಗಿತ್ತು, ತಲೆಗೆ ಕೋಡೂ ಮೂಡಿತ್ತು. ಭೂತಗನ್ನಡಿ ಹಿಡಿದು ನೋಡಿದಳು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಕ್ಯಾಮೆರಾದ ಎದುರು ರೆಪ್ಪೆ ಬಡಿದಿದ್ದಾಳೆ ಎಂದುಕೊಂಡಳು.

ಹಾಗೆ ರೆಪ್ಪೆ ಬಡಿದವರಿಗೆಂದೇ ಅವಳ ಹತ್ತಿರ ಆ ಡಬ್ಬಿಯಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿ, ಅದರ ತುಂಬ ಕಣ್ಣು. ಕೆಟ್ಟುಹೋದ ಫೋಟೋ, ಯಾರೂ ಒಯ್ಯಲು ಬಾರದ ಫೋಟೋಗಳಿಂದ ಕಣ್ಣುಗಳನ್ನು ಜೋಡಿ ಜೋಡಿಯಾಗಿ ಕತ್ತರಿಸಿ, ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಬೇರೆ ಕವರಿನಲ್ಲಿ ಇಟ್ಟಿದ್ದಳು. ಬೇಕಾದ ಅಳತೆಯದನ್ನು ಆರಿಸಿ, ಬೆನ್ನಿನ ಕಾಗದವನ್ನು ಬ್ಲೇಡಿನಿಂದ ಹೆರೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿ, ಮುಖಕ್ಕೆ ಅಂಟಿಸಿ, ಅಂಚನ್ನು ಕುಂಚದಿಂದ ಮುಚ್ಚಿ ಮತ್ತೆ ಫೋಟೋ ತೆಗೆಯುವುದು. ಆ ಹೆಂಗಸಿಗೂ ಒಂದು ಜೋಡಿ ಕಣ್ಣು ಕೂರಿಸಿದಳು. ಎಷ್ಟು ಸೊಗಸಾಗಿ ಕೂತಿತೆಂದರೆ ಮಾಲೀಕರು ಅದರದೊಂದು ಪ್ರತಿಯನ್ನು ಸ್ಟುಡಿಯೋದ ಕಿಟಕಿಯಲ್ಲಿ ಒಂದು ತಿಂಗಳು ಇಟ್ಟಿದ್ದರು. ಆಮೇಲೆ ಆ ಮನುಷ್ಯನಿಂದ ಕಾಗದ ಬಂತು. 'ಫೋಟೋ ತಲುಪಿತು. ನೋಡಿದವರೆಲ್ಲ ಬಹಳ ಚೆನ್ನಾಗಿ ಬಂದಿದೆ ಎನ್ನುತ್ತಾರೆ.' ಮೂವತ್ತೇಳು ವರ್ಷದಲ್ಲಿ ಅವಳಿಗೆ ಬಂದ ಮೆಚ್ಚುಗೆಯ ಕಾಗದ ಅದೊಂದೇ. ಈಗಲೂ ಚೀಲದಲ್ಲಿ ಇತ್ತು.

ನೀರಿನ ಟ್ಯಾಂಕಿನ ಹತ್ತಿರ ಅವಳು ಎಡಕ್ಕೆ ತಿರುಗಿದಳು. ತಲೆಗೂದಲು ಸರಿ ಮಾಡಿಕೊಂಡಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ಎಡಗಡೆಯ ಗೋಡೆಗೆ ಒತ್ತಿಕೊಂಡಿತ್ತು. ಬಂದವರು ಕೂರುವ ಕುರ್ಚಿ ಯಂತ್ರದ ಬಲಕ್ಕೆ. ಸುಮಾರು ಮೂವತ್ತಾರರ ಹೆಂಗಸೊಬ್ಬಳು ಖಾಕಿ ಅಂಗಿ ಹೊಲಿಯುತ್ತಿದ್ದಳು. "ಅಳತೆ ಕೊಡೋಕಾ, ಬಟ್ಟೆ ಒಯ್ಯೋಕಾ?" ಎಂದಳು, ಕತ್ತು ತಿರುಗಿಸದೆ.

"ಎರಡೂ ಅಲ್ಲಮ್ಮ. ನಾನು ಫೋಟೋ ಸ್ಟುಡಿಯೋದವಳು." ಅಕ್ಕನ ಕಣ್ಣು ಆಗಲೇ ಗೋಡೆಯ ಮೇಲಿತ್ತು. ಕಪ್ಪು ಕಟ್ಟಿನಲ್ಲಿ ಆ ಮುಖ. ಎರಡು ಕಣ್ಣೂ ಅಗಲವಾಗಿ, ನೇರವಾಗಿ, ಒಂದು ಎಳೆ ಹೆಚ್ಚುಕಮ್ಮಿ ಇಲ್ಲದೆ. ಅಂಚು ಎಲ್ಲಿ ಮುಗಿದಿದೆಯೆಂದು ಅವಳಿಗೇ ಈಗ ಗೊತ್ತಾಗಲಿಲ್ಲ. "ಆ ಫೋಟೋ ಮಾಡಿದ್ದು ನಾನೇ."

ಯಂತ್ರ ನಿಂತಿತು.

"ನೀವಾ?" ಟೇಲರ್ ಎದ್ದು ನಿಂತಳು. ಬಲಗೆನ್ನೆಯಷ್ಟೇ ಅಕ್ಕನ ಕಡೆಗಿತ್ತು. ಆ ಬಲಗಣ್ಣು ತುಂಬಿಕೊಂಡಿತು. "ಅಯ್ಯೋ ಮೇಡಂ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಅಷ್ಟು ದೂರದಿಂದ... ಮನೆಯವರೂ ಇಲ್ಲ, ಲಾರಿ ಮೇಲೆ ಹೋಗಿದ್ದಾರೆ, ನಾಳೆ ಬರ್ತಾರೆ. ಇದ್ದಿದ್ರೆ ಅವರೂ ನಿಮ್ಮನ್ನ ನೋಡ್ತಿದ್ರು." ಒಳಗೆ ಓಡಿ ಟೀ ಮಾಡಿ ತಂದಳು. ಕುರ್ಚಿಯ ಮೇಲಿದ್ದ ಬಟ್ಟೆಯ ತುಂಡುಗಳನ್ನು ಬಾಚಿ ತೆಗೆದಳು. ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬೆರಳುಗಳನ್ನೇ ನೋಡಿದಳು. "ಈ ಕೈನಾ?" ಎಂದಳು.

ಇದಕ್ಕೇ ತಾನೇ ಅಕ್ಕ ನಾಲ್ಕು ಗಂಟೆ ಬಸ್ಸಿನಲ್ಲಿ ಕುಲುಕಾಡಿದ್ದು? ಅವಳಿಗೆ ನೆಲ ಕಾಣಲಿಲ್ಲ. ಕೆಲಸದವಳು ಇನ್ನೊಬ್ಬ ಕೆಲಸದವಳನ್ನು ವಿಚಾರಿಸುವ ಠೀವಿಯಿಂದ, "ಏನು ಹೊಲೀತಿದ್ದೆಯಮ್ಮ?" ಎಂದು ಕೇಳಿದಳು.

"ಇದು ಲೈನ್‌ಮನ್ ಅಂಗಿ. ಹೆಗಲ ಮೇಲೆ ತಂತಿ ಹೊತ್ತು ಹೊತ್ತು ಅವನ ಬಲ ಭುಜ ಇಳಿದುಬಿಟ್ಟಿದೆ. ನೋಡಿ, ಈ ಕಡೆ ಒಂದು ಬೆರಳು ಕಮ್ಮಿ ಇಟ್ಟಿದ್ದೀನಿ. ಎರಡೂ ಸಮ ಮಾಡಿ ಹೊಲಿದ್ರೆ ನೇತುಹಾಕಿದಾಗ ಚೆನ್ನಾಗಿ ಕಾಣುತ್ತೆ. ಆದ್ರೆ ಮೈಗೆ ಕೂರಲ್ಲ. ಅಂಗಿ ಅವನದಾಗಲ್ಲ."

"ಅದೂ ಒಂದು ವಿದ್ಯೆ," ಎಂದು ಅಕ್ಕ ದೊಡ್ಡಮನಸ್ಸಿನಿಂದ ಒಪ್ಪಿಕೊಂಡಳು.

"ವಿದ್ಯೆ ಅಂದ್ರೆ ನಿಮ್ಮದು ಮೇಡಂ." ಟೇಲರ್ ಸ್ಟೂಲು ಎಳೆದು ಅದರ ಮೇಲೆ ಹತ್ತಿ ಗೋಡೆಯಿಂದ ಫೋಟೋ ತೆಗೆದಳು. ಸೆರಗಿನಿಂದ ಗಾಜು ಒರೆಸಿದಳು. ಖುಷಿಯಲ್ಲಿ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಫೋಟೋವನ್ನು ಎದೆಗೆ ಹಿಡಿದುಕೊಂಡು ಬಂದು ಬಾಗಿಲ ಬೆಳಕಿನಲ್ಲಿ ಅಕ್ಕನಿಗೆ ನೇರ ಎದುರಾಗಿ ನಿಂತಳು. "ನೋಡಿ. ಎಲ್ಲಿ ನಿಂತರೂ ನನ್ನನ್ನೇ ನೋಡ್ತಾಳೆ ನಮ್ಮಮ್ಮ."

ಅಕ್ಕ ನೋಡಿದಳು. ಕೆಳಗೆ ಫೋಟೋದ ಮುಖ, ಮೇಲೆ ಮಗಳ ಮುಖ. ಅದೇ ಗಲ್ಲ, ಅದೇ ಅಗಲ ಹಣೆ. ಮಗಳ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ನಿದ್ದೆಯಿಂದಲ್ಲ, ಮಿಟುಕಿಸಿದ್ದೂ ಅಲ್ಲ. ಹಾಗೇ ಇತ್ತು. ಅಕ್ಕ ಭೂತಗನ್ನಡಿಯಲ್ಲಿ ಗುಂಡಿಯಷ್ಟು ಮುಖದಲ್ಲಿ ಕಂಡಿದ್ದು ಇದೇ ರೆಪ್ಪೆ, ಇದೇ ಓರೆ.

ಕೈಯಲ್ಲಿದ್ದ ಟೀ ಲೋಟ ಸೀರೆಯ ಮೇಲೂ ನೆಲದ ಮೇಲೂ ತುಳುಕಿತು.

ಟೇಲರ್ ಥಟ್ಟನೆ ಮುಖ ಓರೆ ಮಾಡಿಕೊಂಡಳು. ಆಮೇಲೆ ನಕ್ಕಳು. "ನೋಡಿಬಿಟ್ರಾ? ಹೆದರಬೇಡಿ, ಹುಟ್ಟಿದಾಗಿಂದ ಹೀಗೇ. ನೋವಿಲ್ಲ, ಕಾಣಿಸುತ್ತೆ ಕೂಡ. ನೋಡೋರಿಗೇ ಕಷ್ಟ. ಮದುವೆ ದಿನ ಕೂಡ ಮನೆಯವರನ್ನ ಬಲಗಡೆನೇ ನಿಲ್ಲಿಸ್ಕೊಂಡೆ."

"ಡಾಕ್ಟರಿಗೆ..." ಎಂದಳು ಅಕ್ಕ.

"ತೋರಿಸಿದ್ರು ಅಪ್ಪ. ಮನೆತನದಲ್ಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರು ಡಾಕ್ಟರು. ನಮ್ಮಪ್ಪ ಏನು ಹೇಳಿದ್ರು ಗೊತ್ತಾ? ಇವಳ ಅಮ್ಮನಿಗೂ ಹೀಗೇ ಇತ್ತು ಅಂತ." ಅವಳು ಫೋಟೋವನ್ನು ಯಂತ್ರದ ಮೇಲೆ ಇಟ್ಟು ಅದರ ಕಟ್ಟನ್ನು ಬೆರಳಿನಿಂದ ತೀಡುತ್ತ ನಿಂತಳು. "ನನ್ನ ಸಮಾಧಾನಕ್ಕೆ. ಶಾಲೆಯಲ್ಲಿ ಎಲ್ಲರೂ ಅರೆಗಣ್ಣಿ ಅಂತಿದ್ರು. ನಾನು ಅಳ್ತಾ ಬಂದರೆ, ನಿಮ್ಮಮ್ಮನೂ ಹೀಗೇ ಇದ್ದಳು ಮಗಾ, ಅದನ್ನ ನೋಡಿಯೇ ನಾನು ಮೆಚ್ಚಿದ್ದು ಅಂತಿದ್ರು. ಹನ್ನೆರಡು ವರ್ಷ ಆಗಿದ್ದಾಗ ಒಂದಿನ ಈ ಫೋಟೋನ ಗೋಡೆಯಿಂದ ಕಿತ್ತು ಅವರ ಮುಖಕ್ಕೆ ಹಿಡಿದೆ. ತೋರಿಸಿ, ಎಲ್ಲಿದೆ ಅಂದೆ. ಸ್ಟುಡಿಯೋದವರು ಸರಿ ಮಾಡಿಬಿಟ್ಟಿದ್ದಾರೆ ಅಂದ್ರು. ಚಿಕ್ಕ ಫೋಟೋ ಅವರ ಹತ್ತಿರ ಇದೆ, ಕೇಳಿ ಕಾಗದ ಬರೆದಿದ್ದೀನಿ, ಬಂದ ತಕ್ಷಣ ತೋರಿಸ್ತೀನಿ ಅಂದ್ರು. ಬರಲೇ ಇಲ್ಲ. ಕಾಗದ ಬರೆದಿದ್ದರಲ್ಲವಾ ಬರೋಕೆ? ಒಂದು ಸುಳ್ಳಿಗೆ ಇನ್ನೊಂದು ಸುಳ್ಳು."

ಅಕ್ಕ ಲೋಟವನ್ನು ನೆಲದ ಮೇಲೆ ಇಟ್ಟಳು.

"ಬೇರೆ ಯಾರನ್ನಾದ್ರೂ ಕೇಳೋಣ ಅಂದ್ರೆ ಅಮ್ಮನನ್ನ ನೋಡಿದವರು ಈ ಊರಲ್ಲಿ ಯಾರೂ ಇಲ್ಲ. ಬಂಧುಗಳೂ ಬಂದು ಹೋಗೋಷ್ಟು ಹತ್ತಿರ ಇರಲಿಲ್ಲ. ಕೊನೆಗೆ ಅಪ್ಪ ಹಾಸಿಗೆ ಹಿಡಿದಾಗಲೂ ಅದೇ ಮಾತು. ನಾನೂ ಬೇಸತ್ತು, 'ಇನ್ನಾದ್ರೂ ಸುಳ್ಳು ಹೇಳಬೇಡಿ ಅಪ್ಪ' ಅಂದುಬಿಟ್ಟೆ. ಆಮೇಲೆ ಆ ಮಾತು ಎತ್ತಲಿಲ್ಲ ಅವರು. ಪಾಪ, ಬೇರೆ ಎಲ್ಲದರಲ್ಲೂ ದೇವರಂಥ ಮನುಷ್ಯ." ಅವಳು ತಲೆ ಎತ್ತಿದಳು, ಮುಖ ಮಾತ್ರ ಗೋಡೆಯ ಕಡೆಗೇ ಇತ್ತು. "ನೋಡಿ, ಈಗ ನೀವೇ ಬಂದಿದ್ದೀರಿ. ಚಿಕ್ಕ ಫೋಟೋ ನೋಡಿದವರು ನೀವೊಬ್ಬರೇ. ಹೇಳಿ ಮೇಡಂ. ಅದರಲ್ಲೂ ಅಮ್ಮನ ಕಣ್ಣು ಈ ದೊಡ್ಡ ಫೋಟೋದಲ್ಲಿರೋ ಹಾಗೇ, ನೆಟ್ಟಗೇ ಇತ್ತು ಅಲ್ವಾ?"

ಚೀಲ ಅಕ್ಕನ ತೊಡೆಯ ಮೇಲೆಯೇ ಇತ್ತು. ಅದರೊಳಗೆ ಕವರು. ಕೈ ಹಾಕಿದರೆ ಸಿಗುತ್ತಿತ್ತು.

"ಹೂಂ," ಎಂದಳು ಅಕ್ಕ. "ನೆಟ್ಟಗೇ ಇತ್ತು."

"ಆ ಫೋಟೋ?"

"ಕಳೆದುಹೋಯ್ತಮ್ಮ. ತುಂಬ ಹಳೇದಲ್ವಾ."

"ಅದೇ ನಾನೂ ಅಂದ್ಕೊಂಡಿದ್ದೆ." ಟೇಲರ್ ಫೋಟೋದ ಗಾಜನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. ಬೇರೆ ಉತ್ತರ ಬಂದೀತೆಂಬ ಆಸೆ ಅವಳಿಗೂ ಇತ್ತೇನೋ. ಆಮೇಲೆ ಧ್ವನಿ ತಗ್ಗಿಸಿ, "ಒಂದು ಕೇಳಲಾ? ನನ್ನದೊಂದು ಫೋಟೋ ಕೊಟ್ಟರೆ, ನನಗೂ ಅಮ್ಮನ ಹಾಗೆ ಕಣ್ಣು ಮಾಡಿಕೊಡ್ತೀರಾ? ಪಕ್ಕದಲ್ಲಿ ಹಾಕ್ಕೋತೀನಿ," ಎಂದಳು.

ಐದೂವರೆಗೆ ಬಸ್ಸಿದೆ, ತಪ್ಪಿದರೆ ಕಷ್ಟ ಎಂದು ಏನೇನೋ ಗೊಣಗಿ ಅಕ್ಕ ಎದ್ದಳು. ಬಾಗಿಲು ದಾಟುವಾಗ ಎಡವಿದಳು. "ನಿಧಾನ ಮೇಡಂ," ಎಂದು ಟೇಲರ್ ಅವಳ ಮೊಣಕೈ ಹಿಡಿದಳು.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಅಕ್ಕ ಕಾಗದ ತೆಗೆದಳು. ಮಡಿಕೆಯಲ್ಲಿ ಹರಿದು ಅಂಟುಪಟ್ಟಿ ಹಾಕಿದ್ದ ಕಾಗದ. ನೂರು ಸಲ ಓದಿದ್ದಳು, ಆದರೆ ಯಾವಾಗಲೂ 'ಚೆನ್ನಾಗಿ ಬಂದಿದೆ ಎನ್ನುತ್ತಾರೆ' ಎಂಬಲ್ಲಿಗೆ ಮಡಚಿ ಇಡುತ್ತಿದ್ದಳು. ಅದರ ಕೆಳಗೂ ಎರಡು ಸಾಲಿದ್ದವು. 'ಮಗುವಿಗೆ ತಾಯಿಯ ಮುಖ ಇನ್ನು ಇದೇ. ಆದ್ದರಿಂದ ದಯವಿಟ್ಟು ಆ ಚಿಕ್ಕ ಫೋಟೋವನ್ನು ಹಿಂದಕ್ಕೆ ಕಳಿಸಿಕೊಡಿ.' ನೋಡಿದವರೆಲ್ಲ ಚೆನ್ನಾಗಿದೆ ಎಂದಿದ್ದರು. ಅವನು ಚೆನ್ನಾಗಿದೆ ಎಂದು ಎಲ್ಲೂ ಬರೆದಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಏನೆಂದು ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಅಯ್ಯೋ ಎಂದುಕೊಂಡು ಒಂದು ಕಣ್ಣೀರು ಹಾಕಬಹುದಿತ್ತು. ಆ ಮನುಷ್ಯ ಕೌಂಟರಿನಲ್ಲಿ ಮಾಲೀಕರಿಗೆ ಹೇಳಿ ಕವರಿನ ಮೇಲೆ ಬರೆಸಿದ್ದ: ಕಣ್ಣು ಇದ್ದ ಹಾಗೇ ಇರಲಿ. ಅಷ್ಟು ಸಾಲದೆಂದು ಹಿಂದಿನ ಕೋಣೆಯ ಪರದೆ ಸರಿಸಿ, ಮಲಗಿದ್ದ ಮಗುವನ್ನು ಹೆಗಲಿನಿಂದ ಹೆಗಲಿಗೆ ಬದಲಿಸುತ್ತ, "ಅವಳ ಕಣ್ಣು ಹಾಗೇ ಇರಲಿ ಅಕ್ಕಾ," ಎಂದು ಇನ್ನೊಮ್ಮೆ ಹೇಳಿದ್ದ. ಅವನು ಹೋದ ಮೇಲೆ ಅವಳು ಮಾಲೀಕರಿಗೆ ಏನಂದಿದ್ದಳು? 'ಪಾಪ, ಹಳ್ಳಿಯವನು. ದುಃಖದಲ್ಲಿ ಏನೋ ಹೇಳ್ತಾನೆ. ಅರೆಗಣ್ಣಿನ ಫೋಟೋನ ಯಾರಾದ್ರೂ ಗೋಡೆಗೆ ಹಾಕ್ತಾರಾ?' ಇಬ್ಬರೂ ನಕ್ಕಿದ್ದರು. ಕಾಗದ ಬಂದಾಗ ಚಿಕ್ಕ ಫೋಟೋ ಹುಡುಕಲು ಅವಳಿಗೆ ಬೇಸರವಾಗಿತ್ತು. ಅದು ಅವಳ ಡಬ್ಬಿಯಲ್ಲೇ, ಕಣ್ಣುಗಳ ಕೆಳಗೇ ಇತ್ತು.

ಈಗ ನಾಚಿಕೆ ಬಂತು. ಕಿವಿ ಬಿಸಿಯಾಯಿತು, ಕತ್ತು ಬಿಸಿಯಾಯಿತು. ಅರವತ್ತೆರಡರ ವಯಸ್ಸಿನಲ್ಲಿ ಹೀಗೆ ಮೈಯೆಲ್ಲ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದ ಹಿಂದಿನದನ್ನು ಹೋಗಲಿ ಎನ್ನಬಹುದಿತ್ತು, ಪ್ರಾಯದ ಸೊಕ್ಕು ಎನ್ನಬಹುದಿತ್ತು. ಅರ್ಧ ಗಂಟೆಯ ಹಿಂದಿನ 'ಹೂಂ' ಎಂಬುದಕ್ಕೆ ಏನೆನ್ನುವುದು? ಸತ್ತವನನ್ನು ಮಗಳ ಎದುರಿಗೇ ಇನ್ನೊಮ್ಮೆ ಸುಳ್ಳುಗಾರನನ್ನಾಗಿ ಮಾಡಿ, ಅವಳ ಮನೆಯ ಟೀ ಕುಡಿದು ಬಂದಿದ್ದಳು.

ಬಸ್ಸು ಬಂತು. ಇದ್ದ ನಾಲ್ಕು ಜನ ಹತ್ತಿದರು. ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಅವಳನ್ನೇ ನೋಡಿದ. "ಹತ್ತೋದಾದ್ರೆ ಹತ್ತಿ ಅಜ್ಜಿ. ಮುಹೂರ್ತ ನೋಡ್ತಿದ್ದೀರಾ?"

ಅಕ್ಕ ಎದ್ದು ಬಸ್ಸಿನ ಬಾಗಿಲವರೆಗೆ ಹೋದಳು. ಹಿಡಿಯನ್ನೂ ಹಿಡಿದಳು. ಹತ್ತಿ ಕೂತರೆ ನಾಲ್ಕು ಗಂಟೆಯಲ್ಲಿ ಮನೆ; ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳ ಹೆಸರು ಹೇಳಿ ಆ ಹುಡುಗಿ ಇನ್ನೂ ನಾಲ್ಕು ಜನಕ್ಕೆ ಫೋಟೋ ತೋರಿಸುತ್ತಾಳೆ. ಈ ಕೈನಾ ಎಂದು ಕೇಳಿದ್ದಳಲ್ಲ.

"ಇಲ್ಲಪ್ಪ, ನೀನು ಹೊರಡು," ಎಂದು ಅಕ್ಕ ಕೈ ಬಿಟ್ಟಳು.

ಬಸ್ಸು ಹೋದ ಮೇಲೆ ಟೀ ಅಂಗಡಿಯವನು ಕತ್ತು ಹೊರಗೆ ಹಾಕಿದ. "ಇನ್ನು ಏಳೂವರೆಗೇ. ಟೀ ಹಾಕ್ಲಾ?"

ಬೇಡವೆಂದು ಅವಳು ವಾಪಸ್ ನಡೆದಳು. ಈ ಸಲ ದಾರಿ ಉದ್ದವಾಗಿತ್ತು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು: ಆಗ ನನಗೆ ವಯಸ್ಸು ಕಡಿಮೆ; ಸ್ಟುಡಿಯೋದ ಪದ್ಧತಿಯೇ ಹಾಗಿತ್ತು; ರೆಪ್ಪೆ ಬಡಿದದ್ದು ಎಂದೇ ತಿಳಿದಿದ್ದೆ. ನೀರಿನ ಟ್ಯಾಂಕಿನವರೆಗೆ ಅವೆಲ್ಲ ನೆಟ್ಟಗಿದ್ದವು.

ಟೇಲರ್ ದೀಪ ಹಾಕಿಕೊಂಡು ಅದೇ ಖಾಕಿ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಬಲ್ಬಿನಲ್ಲಿ ಜೀವವಿರಲಿಲ್ಲ, ಸಂಜೆಯ ಹೊತ್ತು ಈ ಊರಿನ ಕರೆಂಟು ಅಷ್ಟೇ. ಫೋಟೋ ಮತ್ತೆ ಗೋಡೆಗೇರಿತ್ತು. "ಅಯ್ಯೋ, ಬಸ್ಸು ತಪ್ಪಿತಾ ಮೇಡಂ? ಬನ್ನಿ, ಇಲ್ಲೇ ಇದ್ದು ಬೆಳಿಗ್ಗೆ ಹೋಗಿ."

"ತಪ್ಪಲಿಲ್ಲ. ಬಿಟ್ಟೆ." ಅಕ್ಕ ಕೂರಲಿಲ್ಲ. ಕವರು, ಕವರಿನೊಳಗಿನ ಚಿಕ್ಕ ಫೋಟೋ, ಭೂತಗನ್ನಡಿ, ಮೂರನ್ನೂ ಯಂತ್ರದ ಹಲಗೆಯ ಮೇಲೆ ಇಟ್ಟಳು. "ಕಳೆದುಹೋಗಿರಲಿಲ್ಲಮ್ಮ. ಆಗಲೂ ಈ ಚೀಲದಲ್ಲೇ ಇತ್ತು. ಸುಳ್ಳು ಹೇಳಿದೆ."

ಟೇಲರ್ ಮೊದಲು ಕವರು ಓದಿದಳು. ತುಟಿ ಅಲ್ಲಾಡಿತು. ಕಣ್ಣು ಇದ್ದ ಹಾಗೇ ಇರಲಿ. ಅದರ ಕೆಳಗೆ ಮಾಲೀಕರು ಗೆರೆ ಕೂಡ ಎಳೆದಿದ್ದರು. ಆಮೇಲೆ ಫೋಟೋ ಎತ್ತಿಕೊಂಡಳು.

"ಎರಡನೇ ಸಾಲು," ಎಂದಳು ಅಕ್ಕ. "ಎಡದಿಂದ ಮೂರನೆಯವರು."

ಬಲ್ಬಿನ ಬೆಳಕು ಸಾಲಲಿಲ್ಲ. ಟೇಲರ್ ಎದ್ದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಉದ್ದನೆಯ ಟಾರ್ಚು ತೆಗೆದಳು. ಕಾವಲುಗಾರರು ಹಿಡಿಯುವಂಥ, ನಾಲ್ಕು ಸೆಲ್ಲಿನ ಟಾರ್ಚು. ಹಿಡಿಯುವ ಕಡೆ ಬಣ್ಣ ಹೋಗಿ ಬಿಳಿ ತಗಡು ಕಾಣುತ್ತಿತ್ತು. ಆರು ವರ್ಷವಾದರೂ ಸೆಲ್ಲು ಬದಲಿಸುತ್ತಲೇ ಇದ್ದಳೆಂದು ಕಾಣುತ್ತದೆ, ಒತ್ತಿದ ಕೂಡಲೇ ಹತ್ತಿತು. ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಭೂತಗನ್ನಡಿಯನ್ನು ಹಿಡಿದು ಅವಳು ಫೋಟೋದ ಮೇಲೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಹೊರಗೆ ಯಾರೋ ಹಸುವನ್ನು ಬೈಯುತ್ತ ಹೊಡೆದುಕೊಂಡು ಹೋದರು.

"ಅಪ್ಪಾ," ಎಂದಳು. ಕರೆದ ಹಾಗಿತ್ತು.

ಆಮೇಲೆ ತಲೆ ಎತ್ತದೆಯೇ ಕೇಳಿದಳು: "ಅಪ್ಪ ನಿಮಗೆ ಹೇಳಿದ್ರಾ, ಹೀಗೇ ಇರಲಿ ಅಂತ?"

"ಹೇಳಿದ್ರು. ಎರಡು ಸಲ."

"ಮತ್ತೆ?"

ದಾರಿಯಲ್ಲಿ ಜೋಡಿಸಿಕೊಂಡ ಒಂದು ಮಾತೂ ಬಾಯಿಗೆ ಬರಲಿಲ್ಲ. "ನನಗೆ ಜಾಸ್ತಿ ಗೊತ್ತು ಅನ್ಕೊಂಡೆ," ಎಂದಳು ಅಕ್ಕ.

ಟೇಲರ್ ಟಾರ್ಚನ್ನು ಗೋಡೆಗೆ ಹಿಡಿದಳು. ಗಾಜಿನ ಹಿಂದೆ ಆ ಎರಡು ಕಣ್ಣು ಹೊಳೆದವು. "ಇದು ಯಾರದು?"

"ಯಾವುದು?"

"ಈ ಕಣ್ಣು ಮೇಡಂ. ಇದು ನಮ್ಮಮ್ಮನದಲ್ಲ ಅಂದ್ರೆ ಯಾರದೋ ಇರಬೇಕಲ್ಲ. ಯಾರದು?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ರೆ?"

"ಫೋಟೋ ತೆಗೆಸಿಕೊಂಡು ಒಯ್ಯೋಕೆ ಬರದೇ ಇದ್ದವರು ಯಾರೋ. ಅಂಥವರ ಕಣ್ಣು ಕತ್ತರಿಸಿ ಒಂದು ಡಬ್ಬಿಯಲ್ಲಿ ಇಡ್ತಿದ್ದೆ. ಅದರಲ್ಲಿ ಸಿಕ್ಕಿದ ಒಂದು ಜೋಡಿ."

ಟೇಲರ್ ನಗುತ್ತಾಳೋ ಅಳುತ್ತಾಳೋ ಎಂದು ಅಕ್ಕನಿಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ಎರಡೂ ಮಾಡಲಿಲ್ಲ ಅವಳು. "ಶಾಲೆಗೆ ಹೋಗುವಾಗ ದಿನಾ ಆ ಕಣ್ಣಿಗೆ ಹೇಳಿ ಹೋಗ್ತಿದ್ದೆ," ಎಂದಳು. "ಮೈನೆರೆದಾಗ ಅದರ ಮುಂದೆ ಕೂತು ಅತ್ತೆ. ಮದುವೆಗೆ ಒಪ್ಪಿಗೆ ಕೇಳಿದ್ದೂ ಅದನ್ನೇ. ಅಪ್ಪ ಅಲ್ಲಿ ಮೂಲೆಯಲ್ಲಿ ಕೂತು ನೋಡ್ತಿದ್ರು. ಏನೂ ಅಂತಿರಲಿಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ. ಅಕ್ಕ ನಿಜವಾಗಿ ನೆಲ ನೋಡಿದಳು. ಸಿಮೆಂಟು ನೆಲ, ದಾರದ ತುಂಡುಗಳು, ತಾನು ಆಗ ಚೆಲ್ಲಿದ ಟೀಯ ಕಲೆ. ಬೈದಿದ್ದರೆ ಒಳ್ಳೆಯದಿತ್ತು. ಎದೆಗೆ ಹಿಡಿದಿದ್ದ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದು, "ನಾನು ಹೊರಗೆ ಕೂತಿರ್ತೀನಮ್ಮ. ಏಳೂವರೆಗೆ ಬಸ್ಸಿದೆ," ಎಂದಳು.

"ಇರಿ," ಎಂದಳು ಟೇಲರ್.

ಯಂತ್ರದ ಬಲಕ್ಕಿದ್ದ ಕುರ್ಚಿಯನ್ನು ಅವಳು ಎತ್ತಿದಳು. ಅದರ ನಾಲ್ಕು ಕಾಲಿನ ಗುರುತು ನೆಲದಲ್ಲಿ ಬಿಳಿಯಾಗಿ ಉಳಿದಿತ್ತು. ಯಂತ್ರವನ್ನು ಸೊಂಟದಿಂದ ನೂಕಿ, ಎಡಗಡೆ ಗೋಡೆಗೂ ಅದಕ್ಕೂ ನಡುವೆ ಜಾಗ ಮಾಡಿ ಕುರ್ಚಿಯನ್ನು ಅಲ್ಲಿಟ್ಟಳು. ಅಕ್ಕನನ್ನು ತೋಳು ಹಿಡಿದು ಅದರ ಮೇಲೆ ಕೂರಿಸಿದಳು. ಚಿಕ್ಕ ಫೋಟೋವನ್ನೂ ಭೂತಗನ್ನಡಿಯನ್ನೂ ಅವಳ ತೊಡೆಯ ಮೇಲಿಟ್ಟು, ಟಾರ್ಚನ್ನು ಕೈಗೆ ಕೊಟ್ಟಳು. ತಾನು ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನೇರ ಎದುರಿಗೆ ಕೂತಳು.

"ಅದನ್ನ ನೋಡಿ. ಆಮೇಲೆ ನನ್ನ ನೋಡಿ. ನಿಮ್ಮ ಕೆಲಸ ಅದೇ ತಾನೆ? ನೋಡಿ ಹೇಳಿ, ಎರಡೂ ಒಂದೇನಾ."

ಅಕ್ಕ ಭೂತಗನ್ನಡಿಯಲ್ಲಿ ನೋಡಿದಳು. ಸಾಲಿನಲ್ಲಿ ನಿಂತ ಆ ಹೆಂಗಸು ನಗುತ್ತಿದ್ದಳು. ಆಗ ಅದನ್ನು ಗಮನಿಸಿರಲಿಲ್ಲ. ಆಮೇಲೆ ಟಾರ್ಚು ಮೇಲಕ್ಕೆತ್ತಿದಳು. ಮಗಳ ಬಲಗಣ್ಣು ಬೆಳಕಿಗೆ ಕಿರಿದಾಯಿತು. ಎಡಗಣ್ಣು ಇದ್ದ ಹಾಗೇ ಇತ್ತು. ಇಳಿದ ರೆಪ್ಪೆಯ ಕೆಳಗೆ ಅರ್ಧ ಕಪ್ಪುಗುಡ್ಡೆ, ರೆಪ್ಪೆಗೂದಲಿನ ತುದಿಯಲ್ಲಿ ನೀರು. ಮೂವತ್ತೇಳು ವರ್ಷ ಮುಖಗಳನ್ನೇ ನೋಡಿದವಳು, ಒಂದು ಮುಖವನ್ನು ಇಷ್ಟು ಹೊತ್ತು ಮುಟ್ಟದೆ ನೋಡಿರಲಿಲ್ಲ.

"ಒಂದೇ," ಎಂದಳು. "ಒಂದೇ ಥರ ಇದೆ ಮಗಳೇ."

ಅಷ್ಟು ಹೇಳಿ ಅವಳ ತಲೆ ತಗ್ಗಿತು. ಕೈಯಲ್ಲಿದ್ದ ಟಾರ್ಚಿನ ಬೆಳಕು ಆ ಮುಖದ ಮೇಲೇ ಇತ್ತು. ಟೇಲರ್ ಮುಖ ತಿರುಗಿಸಲಿಲ್ಲ.